ಸಿಇ-20 ಎಂಜಿನ್: ನನ್ನ ಲೆಕ್ಕದಲ್ಲಿ 468 ಸೆಕೆಂಡ್, ಇಸ್ರೋ ಹೇಳೋದು 442. ಎಲ್ಲಿ ಎಡವಿದೆ?

ಪುಟಾಣಿ_ರಾಕೆಟ್:
ಎಲ್ಲರಿಗೂ ನಮಸ್ಕಾರ. ಎಲ್‌ವಿಎಂ3 ರಾಕೆಟ್‌ನ ಮೇಲಿನ ಹಂತದಲ್ಲಿರೋ ಸಿಇ-20 ಕ್ರಯೋಜೆನಿಕ್ ಎಂಜಿನ್‌ಗೆ ಪೈಥಾನ್‌ನಲ್ಲಿ ಒಂದು ಸಣ್ಣ ಮಾಡೆಲ್ ಬರೀತಿದ್ದೀನಿ. ಚೇಂಬರ್ (ಇಂಧನ ಉರಿಯೋ ಕೋಣೆ) ಒತ್ತಡ 60 ಬಾರ್, ಆಕ್ಸಿಜನ್-ಹೈಡ್ರೋಜನ್ ತೂಕದ ಅನುಪಾತ 5.05, ನಾಝಲ್ ಏರಿಯಾ ರೇಶಿಯೋ (ನಾಝಲ್ ಬಾಯಿ ಅದರ ಕುತ್ತಿಗೆಗಿಂತ ಎಷ್ಟು ಪಟ್ಟು ಅಗಲ ಅನ್ನೋ ವಿಸ್ತೀರ್ಣದ ಲೆಕ್ಕ) 100. ಇಷ್ಟನ್ನ ಉರಿಯೋ ಅನಿಲದ ಲೆಕ್ಕ ಮಾಡೋ ನಾಸಾದ ಸಿಇಎ ಪ್ರೋಗ್ರಾಂಗೆ ಕೊಟ್ಟರೆ ನಿರ್ವಾತದ ಐಎಸ್‌ಪಿ (ಇಂಧನದಿಂದ ಎಷ್ಟು ನೂಕುಬಲ ತೆಗೆಯುತ್ತೆ ಅನ್ನೋ ಅಳತೆ) 468 ಸೆಕೆಂಡ್ ಬರುತ್ತೆ. ಇಸ್ರೋ ಕೊಟ್ಟಿರೋದು 442, ಮೂರು ಸೆಕೆಂಡ್ ಆಚೆ-ಈಚೆ. ಎರಡು ದಿನದಿಂದ ತಲೆ ಕೆರ್ಕೊಂಡು ಕೂತಿದ್ದೀನಿ.

ರೂಮ್‌ಮೇಟ್ ಹೇಳ್ದ, "ಐವ್ಯಾಕ್ (ನಿರ್ವಾತದ ಐಎಸ್‌ಪಿ) ಸಾಲು ಬಿಡು, ಅದರ ಪಕ್ಕದ ಐಎಸ್‌ಪಿ ಸಾಲು ನೋಡು" ಅಂತ. ನೋಡಿದರೆ 453 ಆಗುತ್ತೆ. ಹತ್ತಿರ ಬಂತು, ಆದರೆ ಯಾಕೆ ಅಂತ ಅವನಿಗೂ ಗೊತ್ತಿಲ್ಲ.

ತುಮಕೂರು_ಟರ್ಬೈನ್:
ರೂಮ್‌ಮೇಟ್ ಮಾತು ಕೇಳಬೇಡಿ. ಸಿಇಎಯ ಐಎಸ್‌ಪಿ ಸಾಲು ಅಂದರೆ ಹೊರಗಿನ ಒತ್ತಡವೂ ನಾಝಲ್ ಬಾಯಿಯ ಒತ್ತಡವೂ ಒಂದೇ ಇದ್ದಾಗಿನ ಲೆಕ್ಕ. ಮೇಲಿನ ಹಂತ ಉರಿಯೋದು ನಿರ್ವಾತದಲ್ಲಿ, ಹಾಗಾಗಿ ಐವ್ಯಾಕ್ ಸಾಲೇ ಸರಿ. ತಪ್ಪು ಸಾಲು ತಗೊಂಡು ಉತ್ತರ ಹತ್ತಿರ ಬಂದರೆ ಇನ್ನೂ ಅಪಾಯ, ನಿಜವಾದ ತಪ್ಪು ಅದರ ಕೆಳಗೆ ಮುಚ್ಚಿಹೋಗುತ್ತೆ.

ಒಂದು ಪ್ರಶ್ನೆ: ನಿಮ್ಮ ಮಾಡೆಲ್‌ನಲ್ಲಿ ಪಂಪ್ ಓಡಿಸೋ ಟರ್ಬೈನ್ ತಿರುಗಿಸೋದು ಯಾರು?

ಪುಟಾಣಿ_ರಾಕೆಟ್:
ಟರ್ಬೈನ್ ಇನ್ನೂ ಹಾಕೇ ಇಲ್ಲ ಸರ್. ಟ್ಯಾಂಕ್‌ನಿಂದ ನೇರ ಚೇಂಬರ್‌ಗೆ.

ತುಮಕೂರು_ಟರ್ಬೈನ್:
ಅಲ್ಲೇ ಇರೋದು. ಸಿಇ-20 ಗ್ಯಾಸ್ ಜನರೇಟರ್ ಸೈಕಲ್ ಎಂಜಿನ್. ಒಂದಿಷ್ಟು ಹೈಡ್ರೋಜನ್, ಒಂದಿಷ್ಟು ಆಕ್ಸಿಜನ್ ಬೇರೆ ಕಡೆ ಉರಿದು ಟರ್ಬೈನ್ ತಿರುಗಿಸಿ ಹೊರಗೆ ಹೋಗುತ್ತೆ, ಮುಖ್ಯ ಚೇಂಬರ್‌ಗೆ ಬರೋದೇ ಇಲ್ಲ. ಅದರಿಂದ ಸಿಗೋ ನೂಕುಬಲ ತೀರಾ ಕಡಿಮೆ. ಇಸ್ರೋದ ಇನ್ನೊಂದು ರಾಕೆಟ್ ಜಿಎಸ್‌ಎಲ್‌ವಿಯ ಸಿಇ-7.5 ಎಂಜಿನ್ ನೋಡಿ: 58 ಬಾರ್‌ನಲ್ಲೇ 454 ಸೆಕೆಂಡ್. ಅದು ಸ್ಟೇಜ್ಡ್ ಕಂಬಶ್ಚನ್, ಟರ್ಬೈನ್ ತಿರುಗಿಸಿದ ಅನಿಲ ಮತ್ತೆ ಚೇಂಬರ್‌ಗೇ ಬಂದು ಉರಿಯುತ್ತೆ. ಹಾಗಂತ ಸಿಇ-20 ಮಾಡಿದವರು ದಡ್ಡರಲ್ಲ. ಗ್ಯಾಸ್ ಜನರೇಟರ್ ಎಂಜಿನ್‌ನ ಒಂದೊಂದು ಭಾಗವನ್ನೂ ಬಿಡಿಬಿಡಿಯಾಗಿ ಪರೀಕ್ಷೆ ಮಾಡಬಹುದು, ಪಂಪ್ ಒತ್ತಡವೂ ಅಷ್ಟು ಏರಬೇಕಿಲ್ಲ. ಕೆಲವು ಸೆಕೆಂಡ್ ಕೊಟ್ಟು ನೆಮ್ಮದಿ ಕೊಂಡ ಹಾಗೆ.

ಈಗ ಲೆಕ್ಕ. ನೂಕುಬಲ 186.36 ಕಿಲೋನ್ಯೂಟನ್, ಐಎಸ್‌ಪಿ 442. ಅಂದರೆ ಸೆಕೆಂಡಿಗೆ ಒಟ್ಟು ಸುಮಾರು 43 ಕೆಜಿ, ಅದರಲ್ಲಿ ಹೈಡ್ರೋಜನ್ 7.1, ಆಕ್ಸಿಜನ್ 35.9. ಜನರೇಟರ್‌ಗೆ 1.2 ಕೆಜಿ ಹೋಗುತ್ತೆ, ಅಲ್ಲಿನ ಅನುಪಾತ 0.9 ಅಂತ ಇಟ್ಕೊಳ್ಳಿ. ಇದು ನನ್ನ ಊಹೆ, ಇಸ್ರೋ ಅಂಕಿಯಲ್ಲ. ಟರ್ಬೈನ್ ಬ್ಲೇಡ್ ಕರಗದಿರಲಿ ಅಂತ ಹೈಡ್ರೋಜನ್ ಜಾಸ್ತಿ ಸುರಿಯೋದು ವಾಡಿಕೆ. ಆಗ ಚೇಂಬರ್‌ಗೆ ಉಳಿಯೋದು ಹೈಡ್ರೋಜನ್ 6.47, ಆಕ್ಸಿಜನ್ 35.3. ಭಾಗಿಸಿ ನೋಡಿ, 5.45! ನೀವು ಸಿಇಎಗೆ ಕೊಟ್ಟ 5.05 ಇಡೀ ಎಂಜಿನ್‌ನದ್ದು, ಚೇಂಬರ್‌ನದ್ದಲ್ಲ. ಇದರಿಂದ ಐಎಸ್‌ಪಿ ಒಂದೆರಡು ಸೆಕೆಂಡಷ್ಟೇ ಬದಲಾಗುತ್ತೆ, ಆದರೆ ಚೇಂಬರ್ ತಾಪ, ಕೂಲಿಂಗ್ ಲೆಕ್ಕಕ್ಕೆ ಹೋದಾಗ ಇದೇ ಕಾಟ ಕೊಡೋದು.

ಇನ್ನೊಂದು, ಸಿಇಎ ಕೊಡೋದು ಆದರ್ಶ ಉತ್ತರ. ಉರಿಯೋದರಲ್ಲಿ ಒಂದು ಶೇಕಡಾ, ನಾಝಲ್‌ನ ಗೋಡೆ ಘರ್ಷಣೆ, ಹರಡುವಿಕೆ ಎಲ್ಲ ಸೇರಿ ಮೂರು ಶೇಕಡಾ ಕಳೀರಿ. ಟರ್ಬೈನ್ ಅನಿಲಕ್ಕೆ 220 ಸೆಕೆಂಡ್ ಹಾಕಿ, ಹರಿವಿನ ತೂಕದ ಪ್ರಕಾರ ಸರಾಸರಿ ತಗೊಳ್ಳಿ.

ಹಳೇ_ಲೇತ್:
ನಡುವೆ ಬಾಯಿ ಹಾಕ್ತಿದ್ದೀನಿ, ಕ್ಷಮಿಸಿ. ನಾನು ಲೆಕ್ಕದವನಲ್ಲ, ಬೆಂಗಳೂರಲ್ಲಿ ಲೋಹ ಕೊರೆದುಕೊಂಡು ಬದುಕಿದವನು. ಏರಿಯಾ ರೇಶಿಯೋ 100 ಅಂದ್ರಲ್ಲ, ಅದನ್ನ ನೆಲದ ಮೇಲೆ ಹಾಗೇ ಉರಿಸೋಕಾಗುತ್ತಾ?

ತುಮಕೂರು_ಟರ್ಬೈನ್:
ಒಳ್ಳೇ ಪ್ರಶ್ನೆ ಸರ್. ಹಾಗೇ ಉರಿಸಿದರೆ ಕಷ್ಟ. ನಾಝಲ್ ಬಾಯಲ್ಲಿ ಒತ್ತಡ ಬರೀ 50 ಮಿಲಿಬಾರ್ ಆಸುಪಾಸು, ಹೊರಗೆ ಗಾಳಿ 1000ಕ್ಕೂ ಮೇಲೆ. ಗಾಳಿ ಒಳಗೆ ನುಗ್ಗಿ ಅನಿಲವನ್ನ ಗೋಡೆಯಿಂದ ಕಿತ್ತುಬಿಡುತ್ತೆ, ನಾಝಲ್ ಅದುರಿ ಸೀಳಬಹುದು. ಅದಕ್ಕೇ ಎತ್ತರದ ವಾತಾವರಣ ಸೃಷ್ಟಿಸೋ ಪರೀಕ್ಷಾ ಕೇಂದ್ರ ಬೇಕು. ಆದರೆ 2024ರ ನವೆಂಬರ್‌ನಲ್ಲಿ ತಮಿಳುನಾಡಿನ ಮಹೇಂದ್ರಗಿರಿಯ ಇಸ್ರೋ ಕೇಂದ್ರದಲ್ಲಿ ನಾಝಲ್‌ಗೆ ವಿಶೇಷ ರಕ್ಷಣಾ ವ್ಯವಸ್ಥೆ ಕಟ್ಟಿ, ನೆಲಮಟ್ಟದಲ್ಲೇ ಪೂರ್ತಿ ನಾಝಲ್ ಸಮೇತ ಉರಿಸಿ ತೋರಿಸಿದರು.

ಪುಟಾಣಿ_ರಾಕೆಟ್:
ಸರ್!! 5.45ಕ್ಕೆ ಸಿಇಎ 467 ಕೊಟ್ಟಿತು. ನಷ್ಟ ಕಳೆದರೆ 448.5. ಟರ್ಬೈನ್ ಅನಿಲ ಸೇರಿಸಿ ಸರಾಸರಿ 442.1. ಶೀರ್ಷಿಕೆಗೆ "ಪರಿಹಾರ ಸಿಕ್ಕಿತು" ಅಂತ ಸೇರಿಸಲಾ?

ತುಮಕೂರು_ಟರ್ಬೈನ್:
ತಡೀರಿ. 1.2 ನನ್ನ ಊಹೆ, 220 ನನ್ನ ಊಹೆ, ನಷ್ಟದ ಶೇಕಡಾನೂ ಅಂದಾಜು. ಅಷ್ಟು ಊಹೆ ಸೇರಿಸಿ ಪಾಯಿಂಟ್ ಒಂದರವರೆಗೆ ಕೂತ್ಕೊಂಡಿತು ಅಂದರೆ ನನಗೇ ಅನುಮಾನ.

1.2 ಸರಿಯಾ ಅಂತ ಪಂಪಿನ ಕಡೆಯಿಂದ ಬಂದು ನೋಡಿ. ದ್ರವ ಹೈಡ್ರೋಜನ್ ಲೀಟರಿಗೆ 71 ಗ್ರಾಂ ಅಷ್ಟೇ, ಆಕ್ಸಿಜನ್ 1.14 ಕೆಜಿ. ತೂಕದಲ್ಲಿ ಆಕ್ಸಿಜನ್ನಿನ ಐದರಲ್ಲೊಂದು ಪಾಲು ಇರೋ ಹೈಡ್ರೋಜನ್ ಸೆಕೆಂಡಿಗೆ 100 ಲೀಟರ್ ಹರಿಯುತ್ತೆ, ಆಕ್ಸಿಜನ್ 32. ಪವರ್ ತಿನ್ನೋದು ಆ 100 ಲೀಟರ್. ಎರಡೂ ಪಂಪಿನ ಪವರ್ ಕೂಡಿಸಿ, ಅಷ್ಟು ಕೊಡೋಕೆ ಟರ್ಬೈನ್‌ಗೆ ಎಷ್ಟು ಅನಿಲ ಬೇಕು ಅಂತ ತೆಗೀರಿ. 0.8 ಬಂದರೂ ಬಚ್ಚಿಡದೆ ಇಲ್ಲಿ ಹಾಕಿ, ಆಮೇಲೆ ನನ್ನ ನಷ್ಟದ ಶೇಕಡಾ ತಿದ್ದೋಣ.

ಪುಟಾಣಿ_ರಾಕೆಟ್:
ಸರಿ ಸರ್. ಶೀರ್ಷಿಕೆ ಹಾಗೇ ಇರಲಿ. ಭಾನುವಾರ ರಾತ್ರಿ ಹಾಕ್ತೀನಿ.