ಸೌದೆ ಸೀಳುವುದಕ್ಕೆ ಬಾಳಿಕೆ ಬರುವ ದಪ್ಪ ಕೊಡಲಿ ಯಾವುದು ತಗೊಳ್ಳಲಿ?

ಹಂಡೆ ಒಲೆ, ಕಗ್ಗಲೀಪುರ:

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಕನಕಪುರ ರಸ್ತೆಯಲ್ಲಿ, ಕಗ್ಗಲೀಪುರದ ಹತ್ತಿರ. ಸೋಲಾರ್ ಇದೆ, ಗೀಸರ್ ಇದೆ, ಆದರೂ ಅತ್ತೆಗೆ ಸ್ನಾನಕ್ಕೆ ಹಂಡೆ ನೀರೇ ಆಗಬೇಕು. ಈಗ ನನಗೂ ಅದೇ ಅಭ್ಯಾಸವಾಗಿದೆ. ಪಕ್ಕದ ಸೈಟಿನವರು ಪರ್ಮಿಷನ್ ತಗೊಂಡು ಮರ ತೆಗೆಸಿದರು. ನೀಲಗಿರಿ, ಸಿಲ್ವರ್ ಓಕ್, ಜೊತೆಗೆ ಒಂದು ಹಳೇ ಹುಣಸೆ. ಮಿಷನ್ನಿನಲ್ಲಿ ಒಂದೂವರೆ ಅಡಿ ತುಂಡು ಮಾಡಿಸಿ ನಮ್ಮ ಕಾಂಪೌಂಡಿನೊಳಗೆ ಹಾಕಿಸಿಕೊಂಡಿದ್ದೇನೆ. ಸೀಳುವವಳು ನಾನೇ. ಯಜಮಾನರಿಗೆ ಸೊಂಟ ನೋವು, ಕೂಲಿಯವರು ಇಷ್ಟು ಸಣ್ಣ ಕೆಲಸಕ್ಕೆ ಬರುವುದಿಲ್ಲ.

ಮನೆಯಲ್ಲಿರುವುದು ಊರಿನಿಂದ ತಂದ ಮರ ಕಡಿಯುವ ಕೊಡಲಿ. ಅದರ ಬಾಯಿ ತೆಳ್ಳಗೆ. ಹೊಡೆದರೆ ಒಳಗೆ ಇಳಿದು ಅಲ್ಲೇ ಕಚ್ಚಿಕೊಳ್ಳುತ್ತದೆ, ಮರ ಸೀಳುವುದಿಲ್ಲ. ಕಿತ್ತು ತೆಗೆಯುವಷ್ಟರಲ್ಲಿ ಸಾಕುಸಾಕಾಗುತ್ತದೆ. ಅದಕ್ಕೇ ಆನ್‌ಲೈನಿನಲ್ಲಿ ಸ್ಪ್ಲಿಟಿಂಗ್ ಮಾಲ್ ಅಂತ ಮಾರುತ್ತಿದ್ದ ಒಂದು ದಪ್ಪ ಕೊಡಲಿ ತರಿಸಿದೆ. ಕಂಪನಿ ಹೆಸರು ಬೇಡ ಬಿಡಿ. ಮಳೆಗಾಲ ಮುಗಿಯುವ ಮೊದಲೇ ಅದರ ಕಾವು, ಅಂದರೆ ಹಿಡಿ, ಕುತ್ತಿಗೆಯಲ್ಲಿ ಮುರಿಯಿತು. ತಲೆ ಹಾರಿ ತುಳಸಿ ಕಟ್ಟೆ ಪಕ್ಕ ಬಿತ್ತು. ಪುಣ್ಯಕ್ಕೆ ಅಲ್ಲಿ ಯಾರೂ ಇರಲಿಲ್ಲ. ಮಾರಿದವರನ್ನು ಕೇಳಿದರೆ ವಾರಂಟಿ ಕಬ್ಬಿಣಕ್ಕೆ ಮಾತ್ರ, ಕಾವಿಗಿಲ್ಲ ಅಂದರು.

ಈಗ ತಗೊಂಡರೆ ಮತ್ತೆ ಮತ್ತೆ ತಗೊಳ್ಳುವ ಹಾಗಿರಬಾರದು. ನನ್ನ ಎತ್ತರ ಐದಡಿ ಮೂರಿಂಚು. ಎಷ್ಟು ತೂಕ ಸರಿ? ಫೈಬರ್ ಕಾವೋ, ಮರದ್ದೋ? ಕಂಪನಿ ಮಾಲೋ, ಕುಲುಮೆಯಲ್ಲಿ ಮಾಡಿಸುವುದೋ?

ವೀಕೆಂಡ್ ರೈತ, ದೇವನಹಳ್ಳಿ:

ಮೇಡಂ, ಕಣ್ಣು ಮುಚ್ಚಿಕೊಂಡು ಫಿಸ್ಕರ್ಸ್ ಎಕ್ಸ್27 ತಗೊಳ್ಳಿ. ಫಿನ್‌ಲೆಂಡಿನ ಕಂಪನಿ, 1649ರಿಂದ ಇದೆ. 36 ಇಂಚಿನ ಫೈಬರ್ ಕಾವು, ತಲೆಯನ್ನು ಅದಕ್ಕೇ ಕೂಡಿಸಿ ಅಚ್ಚು ಹಾಕಿರುತ್ತಾರೆ. ಅಲ್ಲಾಡುವ ಮಾತೇ ಇಲ್ಲ. ಏಟು ತಪ್ಪಿ ಕಾವೇ ದಿಮ್ಮಿಗೆ ಬಡಿದರೂ ತಡೆಯುತ್ತದೆ. ನಮ್ಮಂಥ ಹೊಸಬರಿಗೆ ಅದೇ ತಾನೇ ಮುಖ್ಯ? ಬೆಲೆ ಮಾತ್ರ ಕೂತುಕೊಂಡು ನೋಡಿ. ಇನ್ನೊಂದು ವಿಷಯ, ಅದರ ಹಿಂಭಾಗದಿಂದ ಬೆಣೆ ಹೊಡೆಯುವ ಹಾಗಿಲ್ಲ.

ಟೂಲ್‌ರೂಮ್ ತಾತ, ಜಾಲಹಳ್ಳಿ:

ಅಮ್ಮಾ, ನಾನು ಸರ್ವಿಸ್ ಪೂರ್ತಿ ಹೀಟ್ ಟ್ರೀಟ್‌ಮೆಂಟ್ ಶಾಪಿನಲ್ಲಿ, ಅಂದರೆ ಉಕ್ಕನ್ನು ಕಾಯಿಸಿ ತಣಿಸಿ ಹದ ಮಾಡುವ ಕಡೆ, ಕಳೆದವನು. ಉಕ್ಕಿನ ವಿಷಯ ಬಂದರೆ ನನ್ನ ಮಾತು ಜಾಸ್ತಿ, ಸಹಿಸಿಕೊಳ್ಳಿ.

ಎಲ್ಲರೂ ಮೊದಲು ಉಕ್ಕು ಯಾವುದು ಅಂತ ಕೇಳುತ್ತಾರೆ. ಸೀಳುವ ಕೊಡಲಿಗೆ ಅದು ಎರಡನೇ ಪ್ರಶ್ನೆ. ಅದು ಮರವನ್ನು ಕತ್ತರಿಸುವುದಿಲ್ಲ, ಎಳೆಗಳನ್ನು ಅಗಲಿಸಿ ಬಿಡಿಸುತ್ತದೆ. ತೀರಾ ಹರಿತವೇನೂ ಬೇಕಿಲ್ಲ, ಕೆನ್ನೆ, ಅಂದರೆ ತಲೆಯ ಎರಡೂ ಪಕ್ಕ, ದಪ್ಪ ಇರಬೇಕು. ಹಾಳಾಗುವುದು ಯಾವಾಗಲೂ ಕಾವು ಮತ್ತು ತಲೆ ಸೇರುವ ಜಾಗ. ಹಾಗಾಗಿ ಅಂಗಡಿಯಲ್ಲಿ ಕೇಳಬೇಕಾದ್ದು ಇಷ್ಟೇ: ಈ ಕಾವು ಮುರಿದರೆ ನಮ್ಮ ಬಡಗಿ ಹೊಸದು ಹಾಕಿಕೊಡಬಹುದಾ? ಅಚ್ಚು ಹಾಕಿದ ಫೈಬರ್ ಕಾವು ಚೆನ್ನಾಗೇ ಇರುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಒಂದು ದಿನ ಮುರಿದರೆ ಒಳ್ಳೇ ಉಕ್ಕಿನ ತಲೆ ಗುಜರಿಗೆ ಹೋಗುತ್ತದೆ.

ತೂಕ ಹೇಳುತ್ತೇನೆ. ಗಂಡಸರು ಜಂಬಕ್ಕೆ ಎಂಟು ಪೌಂಡು ತಗೊಳ್ಳುತ್ತಾರೆ, ಅಂದರೆ 3.6 ಕೆಜಿ. ಅರ್ಧ ಗಂಟೆಯಲ್ಲಿ ತೋಳು ಬೀಳುತ್ತದೆ. ತೂಕ ಎರಡರಷ್ಟಾದರೆ ಏಟಿನ ಶಕ್ತಿ ಎರಡರಷ್ಟು, ವೇಗ ಎರಡರಷ್ಟಾದರೆ ಶಕ್ತಿ ನಾಲ್ಕರಷ್ಟು. ನಿಮಗೆ ಆರು ಪೌಂಡು, 2.7 ಕೆಜಿ, ಅದಕ್ಕಿಂತ ಮೇಲೆ ಬೇಡವೇ ಬೇಡ. ಕಾವು 32 ಇಂಚು ಇರಲಿ. ಸಣ್ಣ ಕಾವು ಹಗುರ ಅನ್ನಿಸುತ್ತದೆ, ಆದರೆ ಏಟು ತಪ್ಪಿದರೆ ಅದು ನೆಲಕ್ಕೆ ಬಡಿಯುವ ಬದಲು ಮೊಣಕಾಲಿನ ಕೆಳಗೆ ಬರುತ್ತದೆ.

ಕಾವಿಗೆ ದಿಂಡಿಗ ಸಿಕ್ಕರೆ ಬಿಡಬೇಡಿ. ಗಾಡಿಯ ಅಚ್ಚಿಗೂ ಹಾಕುತ್ತಿದ್ದ ಮರ ಅದು. ಯಾವ ಮರವಾದರೂ ಎಳೆ ಒಂದು ತುದಿಯಿಂದ ಇನ್ನೊಂದು ತುದಿಗೆ ನೇರ ಓಡಬೇಕು. ನಡುವೆ ಓರೆಯಾಗಿ ಪಕ್ಕಕ್ಕೆ ಹೊರಟಿದ್ದರೆ ಮುರಿಯುವುದು ಅಲ್ಲೇ. ತುದಿಯಲ್ಲಿ ಉಂಗುರದ ಗೆರೆ ಕಾಣುವ ಮರವಾದರೆ ಆ ಗೆರೆ ಕೊಡಲಿ ಬಾಯಿಯ ದಿಕ್ಕಿಗೇ ಇರಬೇಕು, ಅಡ್ಡಕ್ಕಲ್ಲ. ಬಣ್ಣ ಬಳಿದ ಕಾವನ್ನು ಮುಟ್ಟಲೇಬೇಡಿ. ಸುಮ್ನೆ ಯಾರೂ ಬಣ್ಣ ಬಳಿಯುವುದಿಲ್ಲ, ಎಳೆ ಕಾಣಬಾರದು ಅಂತಲೇ ಬಳಿಯುತ್ತಾರೆ.

ಕುಲುಮೆಗೆ ಹೋಗುವುದೇ ಆದರೆ ಎಸ್.ಜೆ.ಪಿ. ರಸ್ತೆಯಲ್ಲಿ ಟಾಟಾ ಅಗ್ರಿಕೋದಂಥ ಒಳ್ಳೇ ಕಂಪನಿಯ ಸಮ್ಮಟಿಗೆ ತಲೆ ತಗೊಂಡು, ಒಂದು ಮುಖವನ್ನು ಬೆಣೆಯ ಆಕಾರಕ್ಕೆ ಬಡಿಸಿ. ಬಡಿಯುವಾಗ ಕಾವಿನ ತೂತು ಮುಚ್ಚಿಕೊಳ್ಳದ ಹಾಗೆ ಒಳಗೆ ಕಬ್ಬಿಣದ ಅಚ್ಚು ಇಟ್ಟಿರಬೇಕು. ಆಮೇಲೆ ಬಾಯಿಯ ಕಡೆ ಮಾತ್ರ ಎಣ್ಣೆಯಲ್ಲಿ ತಣಿಸಿ, ಉಜ್ಜಿ ಹೊಳಪು ಮಾಡಿ, ಮತ್ತೆ ನಿಧಾನಕ್ಕೆ ಕಾಯಿಸಬೇಕು. ಹಳದಿ, ಕಂದು ದಾಟಿ ನೇರಳೆ, ನೀಲಿ ಬಣ್ಣ ಬಂದಾಗ ನಿಲ್ಲಿಸಬೇಕು. ಅದು ಹೆಚ್ಚುಕಡಿಮೆ 280ರಿಂದ 300 ಡಿಗ್ರಿ. ಲಾರಿಯ ಸ್ಪ್ರಿಂಗ್ ಪಟ್ಟಿಯಲ್ಲಿ ಮಾಡಿಸಿ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಮಚ್ಚಿಗೆ ಅದು ಬಹಳ ಒಳ್ಳೆಯದು. ಇಂಥ ಕೊಡಲಿಗೆ ಅದರ ದಪ್ಪ ಸಾಲದು. ಓಡಿ ಓಡಿ ದಣಿದ ಪಟ್ಟಿಯಲ್ಲಿ ಕಣ್ಣಿಗೆ ಕಾಣದ ಬಿರುಕುಗಳೂ ಇರಬಹುದು.

ವೀಕೆಂಡ್ ರೈತ, ದೇವನಹಳ್ಳಿ:

ತಾತ, ಬೇಜಾರು ಮಾಡಿಕೊಳ್ಳಬೇಡಿ. ಬೆಂಗಳೂರಿನಲ್ಲಿ ನೀಲಿ ಬಣ್ಣ ನೋಡಿ ಹದ ಮಾಡುವ ಕುಲುಮೆಯನ್ನು ಅವರು ಎಲ್ಲಿ ಹುಡುಕಬೇಕು? ದಿಂಡಿಗ ಯಾವ ಅಂಗಡಿಯಲ್ಲಿ ಸಿಗುತ್ತದೆ? ಫೋನಿನಲ್ಲಿ ಆರ್ಡರ್ ಮಾಡಿದರೆ ನಾಳಿದ್ದು ಕೆಲಸ ಶುರು.

ಡಿಪೋ ಹುಡುಗ, ಶ್ರೀರಾಮಪುರ:

ಇಬ್ಬರೂ ಒಂದು ನಿಮಿಷ ಇರಿ. ಅಕ್ಕಾ, ಮುರಿದದ್ದು ಕಾವು ತಾನೇ? ತಲೆ ಎಲ್ಲಿ? ಅದು ಸರಿ ಇದ್ದರೆ ಹೊಸದು ಯಾಕೆ?

ನಮ್ಮ ಅಪ್ಪ ಸೌದೆ ಡಿಪೋ ನಡೆಸುತ್ತಿದ್ದರು, ಗ್ಯಾಸ್ ಮನೆಮನೆಗೆ ಬಂದ ಮೇಲೆ ಮುಚ್ಚಿದೆವು. ಅಲ್ಲಿ ನೋಡಿದ್ದು ಹೇಳುತ್ತೇನೆ. ಕೊಡಲಿ ಹಾಳಾಗುವುದು ತಪ್ಪು ಮರಕ್ಕೆ ತಪ್ಪು ಹೊತ್ತಿನಲ್ಲಿ ಹೊಡೆಯುವುದರಿಂದ. ನೀಲಗಿರಿಯನ್ನು ಈಗಲೇ, ಹಸಿ ಇರುವಾಗಲೇ ಸೀಳಿ ಒಟ್ಟಿಬಿಡಿ. ಅದರ ಎಳೆ ಒಂದರೊಳಗೊಂದು ಹೆಣೆದುಕೊಂಡಿರುತ್ತದೆ. ಒಣಗಿದ ಮೇಲೆ ಫಿನ್‌ಲೆಂಡಿನದಾದರೂ ಅಷ್ಟೆ, ಶ್ರೀರಾಮಪುರದ್ದಾದರೂ ಅಷ್ಟೆ. ದಪ್ಪ ತುಂಡಾದರೆ ನಡುವೆ ಹೊಡೆಯಬೇಡಿ, ಅಂಚಿನಿಂದ ಸುತ್ತ ಚೆಕ್ಕೆ ತೆಗೆಯುತ್ತಾ ಬನ್ನಿ. ಸಿಲ್ವರ್ ಓಕ್ ಅಷ್ಟು ಸತಾಯಿಸುವುದಿಲ್ಲ, ತುದಿಯಲ್ಲಿ ಬಿಟ್ಟಿರುವ ಬಿರುಕಿನ ಮೇಲೇ ಹೊಡೆಯಿರಿ.

ಹುಣಸೆಯನ್ನು ಸೀಳುವ ಆಸೆ ಬಿಟ್ಟುಬಿಡಿ. ಅತಿ ಅಗಲದ ತುಂಡನ್ನು ಮೊಣಕಾಲೆತ್ತರಕ್ಕೆ ನಿಲ್ಲಿಸಿ, ಸೌದೆ ಇಟ್ಟು ಸೀಳುವ ಕೊರಡು ಮಾಡಿಕೊಳ್ಳಿ. ಮಟನ್ ಅಂಗಡಿಯವರ ಕೊರಡು ಕೂಡ ಹುಣಸೆಯದೇ, ಉಳಿದ ತುಂಡು ಅವರೇ ದುಡ್ಡು ಕೊಟ್ಟು ತಗೊಳ್ಳಬಹುದು, ವಿಚಾರಿಸಿ. ಕೊರಡಿನ ಮೇಲೆ ಒಂದು ಹಳೇ ಟೈರ್ ಇಟ್ಟು ಸೌದೆ ತುಂಡನ್ನು ಅದರೊಳಗೆ ನಿಲ್ಲಿಸಿ. ಸೀಳು ಆ ಕಡೆ ಈ ಕಡೆ ಹಾರುವುದಿಲ್ಲ, ಬಗ್ಗಿ ಆರಿಸುವ ಕೆಲಸವೂ ತಪ್ಪುತ್ತದೆ. ಪಂಕ್ಚರ್ ಅಂಗಡಿಯವರನ್ನು ಕೇಳಿದರೆ ಕೊಡುತ್ತಾರೆ.

ಗಂಟು ಇರುವ ತುಂಡಿಗೆ ಕಬ್ಬಿಣದ ಬೆಣೆ ಎರಡು ಇಟ್ಟುಕೊಳ್ಳಿ. ಹೊಡೆದು ಹೊಡೆದು ಬೆಣೆಯ ತಲೆ ಅಣಬೆಯಂತೆ ಅರಳಿದರೆ ಗ್ರೈಂಡರಿನಲ್ಲಿ ಅಂಚು ತೆಗೆಸಿ. ಇಲ್ಲದಿದ್ದರೆ ಚೂರು ಹಾರಿ ಕಣ್ಣಿಗೆ ಬೀಳುತ್ತದೆ. ಕನ್ನಡಕ ಹಾಕದೆ ಬೆಣೆಗೆ ಹೊಡೆಯಲೇಬೇಡಿ.

ಹಂಡೆ ಒಲೆ, ಕಗ್ಗಲೀಪುರ:

ತಲೆ ಸ್ಟೋರ್ ರೂಮಿನಲ್ಲಿದೆ! ಈಗಷ್ಟೇ ತೂಗಿಸಿದೆ, ಎರಡೂವರೆ ಕೆಜಿ ಚಿಲ್ಲರೆ. ತೂತು ಮೊಟ್ಟೆಯಾಕಾರದಲ್ಲಿದೆ, ಒಳಗೆ ಮುರಿದ ಕಾವಿನ ತುಂಡು ಭದ್ರವಾಗಿ ಕೂತಿದೆ. ಒಲೆಗೆ ಹಾಕಿ ಸುಟ್ಟರೆ ಬರುತ್ತದೆ ಅಂತ ಯಜಮಾನರು ಹೇಳುತ್ತಿದ್ದಾರೆ. ಹಾಕಲೇ?

ಟೂಲ್‌ರೂಮ್ ತಾತ, ಜಾಲಹಳ್ಳಿ:

ಬೇಡ, ಬೇಡ! ಒಲೆಗೆ ಹಾಕಿದರೆ ಬಾಯಿಯ ಹದ ಹೋಗುತ್ತದೆ. ಆಮೇಲೆ ಅದು ಬರೀ ಕಬ್ಬಿಣದ ಗಟ್ಟಿ. ಡ್ರಿಲ್ಲಿನಲ್ಲಿ ನಾಲ್ಕಾರು ತೂತು ಕೊರೆದು, ಉಳಿ ಹಾಕಿ ಪುಡಿ ಮಾಡಿ ತೆಗೆಸಿ.

ಅದಕ್ಕೂ ಮೊದಲು ಬಾಯಿಯ ಮೇಲೆ ಹೊಸ ಅರ (ಫೈಲ್) ಉಜ್ಜಿ ನೋಡಿ. ಅರ ಜಾರಿದರೆ ತೀರಾ ಗಟ್ಟಿ, ಚಕ್ಕೆ ಏಳುತ್ತದೆ. ಸಲೀಸಾಗಿ ತಿಂದರೆ ಮೆತ್ತಗೆ, ಬಾಯಿ ಮಡಚಿಕೊಳ್ಳುತ್ತದೆ. ಸ್ವಲ್ಪ ತಿಣುಕಿ ಕಚ್ಚಿದರೆ ಆ ತಲೆ ನಿಮ್ಮ ಮಕ್ಕಳ ಕಾಲಕ್ಕೂ ಇರುತ್ತದೆ. ಡಿಪೋ ಹುಡುಗ ಸರಿಯಾದ್ದನ್ನೇ ಕೇಳಿದ.

ರೈತರೇ, ಕುಲುಮೆ ಹಾರೋಹಳ್ಳಿ, ಕನಕಪುರದ ಕಡೆ ವಿಚಾರಿಸಿದರೆ ಸಿಕ್ಕೀತು. ಈಗ ಅದರ ಅಗತ್ಯವೇ ಇಲ್ಲವಲ್ಲ. ದಿಂಡಿಗ ಸಿಗದಿದ್ದರೆ ಒಣಗಿದ, ಗಂಟಿಲ್ಲದ ಜಾಲಿಯೂ ಆದೀತು.

ಹಂಡೆ ಒಲೆ, ಕಗ್ಗಲೀಪುರ:

ಅರ ತಿಣುಕಿಯೇ ಕಚ್ಚಿತು ತಾತ. ಬಡಗಿಯವರು ಭಾನುವಾರ ಬರುತ್ತೇನೆ ಅಂದಿದ್ದಾರೆ. ಹಾಕಿದ ಮೇಲೆ ಒಂದು ರಾತ್ರಿ ನೀರಿನಲ್ಲಿ ಮುಳುಗಿಸಿಡಿ, ಬಿಗಿಯಾಗುತ್ತದೆ ಅನ್ನುತ್ತಾರೆ. ಸರಿನಾ?

ಟೂಲ್‌ರೂಮ್ ತಾತ, ಜಾಲಹಳ್ಳಿ:

ಆ ಹೊತ್ತಿಗೆ ಬಿಗಿಯಾಗುತ್ತದೆ. ಆದರೆ ಉಬ್ಬಿದ ಮರ ತೂತಿನೊಳಗೆ ನಜ್ಜುಗುಜ್ಜಾಗಿ, ಒಣಗಿದಾಗ ಮೊದಲಿಗಿಂತ ಸಡಿಲವಾಗುತ್ತದೆ. ಕಾವಿನ ಮೇಲ್ತುದಿಯಲ್ಲಿ ಗರಗಸದ ಸೀಳು ಹಾಕಿ, ಒಣಗಿದ ಮರದ ಬೆಣೆ ಹೊಡೆಯಲು ಹೇಳಿ. ಮೊಳೆ ಬೇಡ. ಕಾವು ತಲೆಯಿಂದ ಕಾಲಿಂಚು ಮೇಲೆ ಇಣುಕಿರಲಿ. ಪೇಂಟ್ ಅಂಗಡಿಯಲ್ಲಿ ಲಿನ್‌ಸೀಡ್ ಆಯಿಲ್ ಸಿಗುತ್ತದೆ, ನಮ್ಮ ಅಗಸೆ ಎಣ್ಣೆಯೇ. ಅದನ್ನು ತುದಿಗೆ ಚೆನ್ನಾಗಿ ಕುಡಿಸಿ, ಕಾವಿಗೆಲ್ಲ ತೆಳ್ಳಗೆ ಸವರಿ. ಹೊಂಗೆ ಎಣ್ಣೆ, ಕೊಬ್ಬರಿ ಎಣ್ಣೆ ಒಣಗುವುದಿಲ್ಲ, ಕೈ ಜಾರುತ್ತದೆ. ಮಾರ್ಚಿನಲ್ಲಿ ಹವೆ ಒಣಗಿದಾಗ ಪ್ರತಿ ಸಲ ಎತ್ತುವ ಮೊದಲು ತಲೆ ಅಲ್ಲಾಡಿಸಿ ನೋಡಿ.