ಗಂಡ ಟೆಕ್ಸಾಸ್‌ಗೆ ಹೋಗಿದ್ದಾರೆ, ನಾನು ಕ್ಯಾಲಿಫೋರ್ನಿಯಾದಲ್ಲಿ: ಡೈವೋರ್ಸ್ ಎಲ್ಲಿ ಹಾಕೋದು? (ವಕೀಲರನ್ನ ಕೇಳಿ)

ಪ್ರಶ್ನೆ (ಹೆಸರು ಬೇಡ ಅಂದಿದ್ದಾರೆ):
ನಮಸ್ಕಾರ ಮೇಡಂ. ನಮ್ಮ ಮದುವೆ ದಾವಣಗೆರೆಲಿ ಆಗಿ 8 ವರ್ಷ ಆಯ್ತು. 4 ವರ್ಷದಿಂದ ಸ್ಯಾನ್ ಹೋಸೆಲಿ ಇದೀವಿ, 5 ವರ್ಷದ ಮಗಳಿದ್ದಾಳೆ. ಅವ್ರದ್ದು ಎಚ್-1ಬಿ ಕೆಲಸದ ವೀಸಾ, ನಂದು ಅವ್ರ ಹೆಂಡತಿ ಅಂತ ಸಿಕ್ಕ ಎಚ್-4, ಕೆಲಸ ಇಲ್ಲ. ಎರಡು ತಿಂಗಳ ಹಿಂದೆ ಅವ್ರು ಕೆಲಸ ಬದಲಾಯಿಸಿ ಆಸ್ಟಿನ್‌ಗೆ ಹೋದ್ರು. ಈಗ ಫೋನ್ ಮಾಡಿ ನೀನೂ ಇಲ್ಲಿಗೆ ಬಾ, ಇಲ್ಲೇ ಮ್ಯೂಚುಯಲ್ಲಾಗಿ ಡೈವೋರ್ಸ್ ಮುಗಿಸೋಣ, ಅಮೆರಿಕಾದಲ್ಲಿ ಎಲ್ಲಾ ಕಡೆ ಒಂದೇ ಕಾನೂನು ಅಂತಾರೆ. ಅಮ್ಮ ನೋಡಿದ್ರೆ ಮಗೂನ ಕರ್ಕೊಂಡು ಊರಿಗೆ ಬಂದ್ಬಿಡು ಅಂತಾಳೆ. ಏನ್ ಮಾಡ್ಲಿ?

ವಕೀಲರು:
ಒಂದೇ ಕಾನೂನು ಅನ್ನೋದು ಸುಳ್ಳು. ಇಲ್ಲಿ ಡೈವೋರ್ಸ್ ಅನ್ನೋದು ಕೇಂದ್ರದ ವಿಷಯ ಅಲ್ಲ, ಪೂರ್ತಿ ರಾಜ್ಯದ್ದು. ನಮ್ಮಲ್ಲಿ ಹಿಂದೂ ವಿವಾಹ ಕಾಯ್ದೆ ಬೀದರ್‌ಗೂ ಒಂದೇ ಚೆನ್ನೈಗೂ ಒಂದೇ, ಹಂಗಲ್ಲ ಇಲ್ಲಿ.

ನಿಮ್ಮ ವಿಷಯದಲ್ಲಿ ವ್ಯತ್ಯಾಸ ಚಿಕ್ಕದೇನಲ್ಲ. ಟೆಕ್ಸಾಸ್‌ನಲ್ಲಿ ಕೋರ್ಟಿಂದ ಜೀವನಾಂಶ ಸಿಗ್ಬೇಕಂದ್ರೆ ಸಾಮಾನ್ಯವಾಗಿ ಮದುವೆ ಆಗಿ 10 ವರ್ಷ ಆಗಿರ್ಬೇಕು, ಜೊತೆಗೆ ನಿಮ್ಮ ಕಾಲ ಮೇಲೆ ನಿಲ್ಲೋಕ್ಕೆ ಆಗಲ್ಲ ಅಂತ ತೋರಿಸ್ಬೇಕು (ಮನೇಲಿ ಹಿಂಸೆ ನಡೆದಿದ್ರೆ, ಅಂಗವೈಕಲ್ಯ ಇದ್ರೆ ಲೆಕ್ಕ ಬೇರೆ). ಕೊಟ್ರೂ ತಿಂಗಳಿಗೆ 5000 ಡಾಲರ್ ಅಥವಾ ಅವ್ರ ಸಂಬಳದ 20 ಪರ್ಸೆಂಟ್, ಯಾವುದು ಕಮ್ಮಿಯೋ ಅದು ಮಿತಿ. ನಿಮ್ದು 8 ವರ್ಷ. ಕ್ಯಾಲಿಫೋರ್ನಿಯಾದಲ್ಲಿ ಆ 10 ವರ್ಷದ ಬಾಗಿಲೇ ಇಲ್ಲ, 10ಕ್ಕಿಂತ ಕಮ್ಮಿ ಇದ್ರೆ ಮದುವೆ ಇದ್ದಷ್ಟು ಕಾಲದ ಸುಮಾರು ಅರ್ಧ ಅಂತ ಲೆಕ್ಕ ಶುರು ಮಾಡ್ತಾರೆ, ಅಂದ್ರೆ ನಿಮಗೆ 4 ವರ್ಷದ ಆಸುಪಾಸು. ಅವ್ರು ಗೊತ್ತಿದ್ದೇ ಹೇಳಿದ್ರೋ ಗೊತ್ತಿಲ್ದೇ ಹೇಳಿದ್ರೋ ನಾನು ಹೇಳಲ್ಲ, ಆದ್ರೆ ಸೂಟ್‌ಕೇಸ್ ಮಾತ್ರ ಈಗ್ಲೇ ಕಟ್ಬೇಡಿ.

ಇನ್ನೊಂದು, ಇವತ್ತಿಗೆ ಅವ್ರು ಅಲ್ಲಿ ಕೇಸ್ ಹಾಕೋಕ್ಕೇ ಆಗಲ್ಲ. ಟೆಕ್ಸಾಸ್‌ಗೆ ರಾಜ್ಯದಲ್ಲಿ 6 ತಿಂಗಳು, ಕೌಂಟಿಲಿ (ನಮ್ಮ ಜಿಲ್ಲೆ ಥರ) 90 ದಿನ ವಾಸ ಇರ್ಬೇಕು. ನೀವು ಹಾಕ್ಬಹುದು: ಕ್ಯಾಲಿಫೋರ್ನಿಯಾಕ್ಕೆ ರಾಜ್ಯದಲ್ಲಿ 6 ತಿಂಗಳು, ಕೌಂಟಿಲಿ 3 ತಿಂಗಳು, ಅದೂ ಇಬ್ಬರಲ್ಲಿ ಒಬ್ಬರು ಇದ್ರೆ ಸಾಕು. ಮಗಳ ಕಸ್ಟಡಿಗೂ ಇದೇ ಥರ, ಕೊನೇ 6 ತಿಂಗಳು ಮಗು ಯಾವ ರಾಜ್ಯದಲ್ಲಿತ್ತೋ ಅದೇ ಅದರ ತವರು ರಾಜ್ಯ. ನೀವು ಹೊಂದ್ಕೊಂಡು ಹೋಗೋಣ ಅಂತ ಮಗಳನ್ನ ಕರ್ಕೊಂಡು ಆಸ್ಟಿನ್‌ಗೆ ಹೋಗಿ 6 ತಿಂಗಳು ಕೂತ್ರೆ ಅದೂ ಟೆಕ್ಸಾಸ್ ಪಾಲಾಗತ್ತೆ.

ಅಮ್ಮನ ಮಾತಿಗೆ ಬರ್ತೀನಿ. ಅವರ ಸಂಕಟ ಅರ್ಥ ಆಗತ್ತೆ, ಆದ್ರೆ ಗಂಡ ಬರವಣಿಗೆಲಿ ಒಪ್ಪದೇ ಮಗೂನ ಇಂಡಿಯಾಗೆ ಕರ್ಕೊಂಡು ಹೋಗ್ಬೇಡಿ. ಮಕ್ಕಳನ್ನ ವಾಪಸ್ ಕಳಿಸೋ ಬಗ್ಗೆ ಇರೋ 1980ರ ಹೇಗ್ ಒಪ್ಪಂದಕ್ಕೆ ಇಂಡಿಯಾ ಸೇರಿಲ್ಲ, ಅದಕ್ಕೇ ಇಲ್ಲಿನ ಜಡ್ಜ್‌ಗಳು ಈ ವಿಷಯದಲ್ಲಿ ಜಾಸ್ತಿನೇ ಅನುಮಾನ ಪಡ್ತಾರೆ, ಒಂದ್ಸಲ ನಿಮ್ಮ ಮೇಲೆ ಮಗೂನ ಎತ್ಕೊಂಡು ಹೋಗೋರು ಅನ್ನೋ ಹಣೆಪಟ್ಟಿ ಬಿತ್ತು ಅಂದ್ರೆ ಆಮೇಲೆ ಬೇಸಿಗೆ ರಜೆಗೆ ಅಜ್ಜಿ ಮನೆಗೆ ಕರ್ಕೊಂಡು ಹೋಗೋಕ್ಕೂ ಕೋರ್ಟ್ ಮುಂದೆ ಕೈ ಕಟ್ಟಿ ನಿಲ್ಬೇಕು.

ಪ್ರಶ್ನೆ ಕೇಳಿದವರು:
ಕೇಸ್ ಹಾಕಿದ ತಕ್ಷಣ ನನ್ನ ವೀಸಾ ಹೋಗತ್ತಾ? ಒಡವೆ ಎಲ್ಲಾ ದಾವಣಗೆರೆ ಲಾಕರ್‌ನಲ್ಲಿದೆ, ಅವ್ರ ಹೆಸರಲ್ಲಿ ಅಲ್ಲೊಂದು ಸೈಟ್ ಇದೆ (ನಾವಿಲ್ಲಿಗೆ ಬಂದ್ಮೇಲೆ ತಗೊಂಡಿದ್ದು). ಅದಕ್ಕೂ ಇಲ್ಲಿನ ಕೋರ್ಟಿಗೂ ಸಂಬಂಧ ಇದ್ಯಾ?

ವಕೀಲರು:
ಹಾಕಿದ ದಿನ ಹೋಗಲ್ಲ, ಅಂತಿಮ ಡಿಕ್ರಿ ಆದ ದಿನ ಎಚ್-4 ಮುಗಿಯತ್ತೆ. ಕ್ಯಾಲಿಫೋರ್ನಿಯಾದಲ್ಲಿ ಗಂಡನಿಗೆ ಸಮನ್ಸ್ ಮುಟ್ಟಿದ್ಮೇಲೆ ಕನಿಷ್ಠ 6 ತಿಂಗಳು ಆಗದೇ ಮದುವೆ ಮುರಿಯೋ ಹಂಗಿಲ್ಲ. ಬೇರೆಯವರು ಅದನ್ನ ಶಾಪ ಅಂತಾರೆ, ನಿಮಗೆ ಅದು ಎಫ್-1ಗೋ (ಓದೋರ ವೀಸಾ) ಇನ್ನೊಂದಕ್ಕೋ ಬದಲಾಯಿಸ್ಕೊಳ್ಳೋಕ್ಕೆ ಸಿಗೋ ಟೈಮು. ಇವತ್ತೇ ಇಮಿಗ್ರೇಷನ್ ವಕೀಲರೊಬ್ಬರನ್ನ ಬೇರೆಯಾಗಿ ನೋಡಿ, ನನ್ನ ಕೆಲಸ ಅದಲ್ಲ. ಹೊಡೆತ ಬಡಿತ ಇದ್ರೆ ಇಲ್ಲಿ ಬರೀಬೇಡಿ, ನನಗೆ ಖಾಸಗಿಯಾಗಿ ಮೆಸೇಜ್ ಮಾಡಿ. ರಕ್ಷಣೆ ಆರ್ಡರ್‌ಗೆ ಇಲ್ಲಿ ಕೋರ್ಟ್ ಫೀಸೇ ಇಲ್ಲ.

ಒಡವೆ: ನಿಮ್ಮ ಅಪ್ಪ ಅಮ್ಮ ನಿಮಗೆ ಅಂತ ಹಾಕಿದ್ದು ನಿಮ್ದೇ, ಅದು ಹಂಚಿಕೆಗೆ ಬರಲ್ಲ. ಆದ್ರೆ ಬಚ್ಚಿಡ್ಬೇಡಿ. ಆಸ್ತಿ ಸಾಲ ತೋರಿಸೋ ಫಾರಂನಲ್ಲಿ ಒಡವೆಗೆ ಅಂತಾನೇ ಒಂದು ಸಾಲಿದೆ, ಅಲ್ಲಿ ಬರೆದು ಪಕ್ಕದಲ್ಲಿ ನನ್ನ ಸ್ವಂತದ್ದು ಅಂತ ಗುರುತು ಹಾಕಿ. ಮದುವೆ ಫೋಟೋ ಆಲ್ಬಂ ಇದ್ಯಲ್ಲ, ಧಾರೆ ಹೊತ್ತಲ್ಲಿ ಕೊರಳಲ್ಲಿರೋ ಕಾಸಿನ ಸರ ಸ್ಪಷ್ಟವಾಗಿ ಕಾಣತ್ತೆ, ನನ್ನ ಒಬ್ಬ ಕಕ್ಷಿದಾರರಿಗೆ ರಸೀದಿಗಿಂತ ಆ ಫೋಟೋನೇ ಕೆಲಸಕ್ಕೆ ಬಂತು.

ಸೈಟ್: ಇಲ್ಲಿದ್ದಾಗ ಇಲ್ಲಿನ ಸಂಬಳದಲ್ಲಿ ತಗೊಂಡಿದ್ರೆ ಯಾರ ಹೆಸರಲ್ಲಿದ್ರೂ, ಯಾವ ದೇಶದಲ್ಲಿದ್ರೂ ಇಬ್ಬರದ್ದು, ಅರ್ಧರ್ಧ. ಖಾತೆ ಬದಲಾಯಿಸು ಅಂತ ಇಲ್ಲಿನ ಜಡ್ಜ್ ದಾವಣಗೆರೆ ಪಾಲಿಕೆಗೆ ಹೇಳೋಕ್ಕಾಗಲ್ಲ, ಆದ್ರೆ ಅವ್ರಿಗೆ ಸಹಿ ಹಾಕು ಅನ್ಬಹುದು, ಇಲ್ಲಾ ಅದರ ಅರ್ಧ ಬೆಲೆನ ಅವ್ರ ಇಲ್ಲಿನ 401ಕೆ (ನಿವೃತ್ತಿ ಉಳಿತಾಯ ಖಾತೆ) ಇಂದ ನಿಮಗೆ ಕೊಡಿಸ್ಬಹುದು.

ಇನ್ನೊಬ್ಬ ಸದಸ್ಯರು:
ಮೇಡಂ ಮಧ್ಯೆ ಬಂದಿದ್ದಕ್ಕೆ ಕ್ಷಮಿಸಿ. ನಾನು ನ್ಯೂಜೆರ್ಸಿ. ಹೆಂಡತಿ ಹುಬ್ಬಳ್ಳಿಗೆ ಹೋಗಿ 2 ವರ್ಷ, ವಾಪಸ್ ಬರಲ್ಲ ಅಂತಾಳೆ. ಇಲ್ಲೇ ಕೇಸ್ ಹಾಕಿ ವಾಟ್ಸಾಪ್‌ನಲ್ಲಿ ನೋಟಿಸ್ ಕಳಿಸಿದ್ರೆ ಮುಗೀತಲ್ವಾ? ಯಾರೋ ನೆವಾಡಾಗೆ ಹೋದ್ರೆ 6 ವಾರ ಸಾಕು ಅಂದ್ರು.

ವಕೀಲರು:
ನೆವಾಡಾ 6 ವಾರ ನಿಜ, 1931ರಿಂದ ಹಂಗೇ ಇದೆ, ಆ ಕಾಲದಲ್ಲಿ ರೀನೋಗೆ ಜನ ಡೈವೋರ್ಸ್‌ಗೆ ಅಂತಾನೇ ರೈಲು ಹತ್ತಿ ಬರೋರು. ಆದ್ರೆ ಅಲ್ಲಿ ನಿಜವಾಗ್ಲೂ ವಾಸ ಇರ್ಬೇಕು, ಅಲ್ಲಿನವರೊಬ್ಬರು ಸಾಕ್ಷಿ ಹೇಳ್ಬೇಕು. ಹೋಟೆಲ್ ಬಿಲ್ ಇಟ್ಕೊಂಡು ಸುಳ್ಳು ಪ್ರಮಾಣ ಮಾಡೋ ಐಡಿಯಾ ಬಿಡಿ.

ನ್ಯೂಜೆರ್ಸಿಲಿ 12 ತಿಂಗಳ ವಾಸ, 6 ತಿಂಗಳಿಂದ ಹೊಂದಾಣಿಕೆ ಇಲ್ಲ ಅಂದ್ರೆ ಸಾಕು, ಡಿಕ್ರಿ ಸಿಗತ್ತೆ. ವಾಟ್ಸಾಪ್ ನಂಬ್ಕೋಬೇಡಿ, ಪೋಸ್ಟಲ್ಲಿ ನೇರವಾಗಿ ನೋಟಿಸ್ ಕಳಿಸೋದಕ್ಕೇ ಇಂಡಿಯಾ ಆಕ್ಷೇಪ ಎತ್ತಿದೆ, ದೆಹಲಿಲಿ ಕಾನೂನು ಸಚಿವಾಲಯದ ಮೂಲಕ ಹೋಗೋದೇ ಸರಿಯಾದ ದಾರಿ, ತಿಂಗಳುಗಟ್ಟಲೆ ಹಿಡಿಯತ್ತೆ.

ನಿಮ್ಮ ನಿಜವಾದ ತೊಂದರೆ ಅದಲ್ಲ. ಹೆಂಡತಿ ಕೋರ್ಟಿಗೆ ಬರದೇ ಸಿಕ್ಕ ಡಿಕ್ರಿ ಅಮೆರಿಕಾದಲ್ಲಿ ನಡೆಯತ್ತೆ, ಹುಬ್ಬಳ್ಳಿಲಿ ನಡೆಯಲ್ಲ. 1991ರಲ್ಲಿ ಸುಪ್ರೀಂ ಕೋರ್ಟ್ ನರಸಿಂಹ ರಾವ್ ವರ್ಸಸ್ ವೆಂಕಟಲಕ್ಷ್ಮಿ ಕೇಸಲ್ಲಿ ಇದನ್ನ ಹೇಳಿದೆ. ತಿರುಪತಿಲಿ ಮದುವೆ, ಗಂಡ ಮಿಸೌರಿಲಿ ಡೈವೋರ್ಸ್ ತಗೊಂಡ್ರು, ಮದುವೆ ಮುರಿದುಬಿದ್ದಿದೆ ಅನ್ನೋ ಕಾರಣಕ್ಕೆ. ಹಿಂದೂ ವಿವಾಹ ಕಾಯ್ದೆಲಿ ಆ ಕಾರಣನೇ ಇಲ್ಲ, ಹೆಂಡತಿ ಆ ಕೋರ್ಟನ್ನ ಒಪ್ಪಿರ್ಲೂ ಇಲ್ಲ, ಹಂಗಾಗಿ ಆ ಡಿಕ್ರಿನ ಇಂಡಿಯಾದಲ್ಲಿ ಒಪ್ಪಲ್ಲ ಅಂದ್ರು. ನೀವು ಆ ಕಾಗದ ನಂಬಿ ಊರಲ್ಲಿ ಇನ್ನೊಂದು ಮದುವೆ ಆದ್ರೆ ಅದು ಎರಡನೇ ಮದುವೆ ಅಪರಾಧ, ಮೊದ್ಲು ಐಪಿಸಿ 494, ಈಗ ಬಿಎನ್‌ಎಸ್ (ಭಾರತೀಯ ನ್ಯಾಯ ಸಂಹಿತೆ) 82.

ಹೆಂಡತಿ ಒಪ್ಪೋ ಹಂಗಿದ್ರೆ ಹುಬ್ಬಳ್ಳಿ ಫ್ಯಾಮಿಲಿ ಕೋರ್ಟಲ್ಲೇ ಹಿಂದೂ ವಿವಾಹ ಕಾಯ್ದೆ 13ಬಿ, ಅಂದ್ರೆ ಮ್ಯೂಚುಯಲ್ ಡೈವೋರ್ಸ್ ಹಾಕಿ. ಒಂದು ವರ್ಷ ಬೇರೆ ಇದ್ದಿರ್ಬೇಕು, ಅದು ಆಗಿದೆ. ಎರಡು ಅರ್ಜಿ ಮಧ್ಯೆ 6 ತಿಂಗಳು ಕಾಯ್ಬೇಕು, ಆದ್ರೆ ಸರಿಯಾದ ಕಾರಣ ಇದ್ರೆ ಕೋರ್ಟ್ ಅದನ್ನ ಬಿಡ್ಬಹುದು ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಮೊದಲು ಪ್ರಶ್ನೆ ಕೇಳಿದವರು:
ಹಂಗಾದ್ರೆ ನನ್ನ ಡಿಕ್ರಿನೂ ದಾವಣಗೆರೆಲಿ ನಡೆಯಲ್ವಾ??

ವಕೀಲರು:
ನಿಮ್ಮ ಗಂಡ ಉತ್ತರ ಸಲ್ಲಿಸಿ, ಒಪ್ಪಂದಕ್ಕೆ ಇಬ್ಬರೂ ಸಹಿ ಹಾಕಿ, ಡೈವೋರ್ಸ್‌ಗೆ ನನ್ನ ಒಪ್ಪಿಗೆ ಇದೆ ಅಂತ ಅದರಲ್ಲೇ ಬರೆದ್ರೆ ನಡೆಯತ್ತೆ, ಅದೇ ತೀರ್ಪಲ್ಲಿ ಆ ದಾರಿನೂ ಬಿಟ್ಟಿದ್ದಾರೆ. ಅದಕ್ಕೇ ಕೋಪದಲ್ಲಿ ಏಕಪಕ್ಷೀಯವಾಗಿ ಮುಗಿಸೋಕ್ಕೆ ಹೋಗ್ಬೇಡಿ, ಎಷ್ಟೇ ಎಳೆದ್ರೂ ಅವ್ರ ಸಹಿ ತಗೊಳ್ಳಿ.

ಈಗ ಮಾಡ್ಬೇಕಾದ್ದು, ಇಲ್ಲಿನ ಕೋರ್ಟ್ ಫಾರಂ ತುಂಬೋದು: ಎಫ್‌ಎಲ್-100 ಅರ್ಜಿ, ಎಫ್‌ಎಲ್-110 ಸಮನ್ಸ್, ಮಗು ಇರೋದ್ರಿಂದ ಕಸ್ಟಡಿ ವಿಷಯದ ಎಫ್‌ಎಲ್-105. ಫೀಸು 435ರಿಂದ 450 ಡಾಲರ್, ನಿಮಗೆ ಆದಾಯ ಇಲ್ಲ ಅಂದ್ರೆ ಮನ್ನಾ ಕೇಳ್ಬಹುದು. ಸಮನ್ಸ್‌ನ ಎರಡನೇ ಪುಟ ಓದ್ದೇ ಬಿಡ್ಬೇಡಿ, ಮಗೂನ ರಾಜ್ಯದಿಂದ ಹೊರಗೆ ಕರ್ಕೊಂಡು ಹೋಗಂಗಿಲ್ಲ, ಇನ್ಶೂರೆನ್ಸ್ ತೆಗೆಯಂಗಿಲ್ಲ, ಆಸ್ತಿ ಮಾರಂಗಿಲ್ಲ ಅಂತ ಅಲ್ಲಿದೆ. ಹಾಕಿದ ಕ್ಷಣದಿಂದ ನಿಮಗೂ, ಕಾಗದ ಕೈಗೆ ಬಂದ ಕ್ಷಣದಿಂದ ಅವ್ರಿಗೂ ಅನ್ವಯ. ಆಮೇಲೆ ಉತ್ತರ ಕೊಡೋಕ್ಕೆ ಅವ್ರಿಗೆ 30 ದಿನ.

ಪ್ರಶ್ನೆ ಕೇಳಿದವರು:
ಕಾಗದ ನಾನೇ ಕೊಡ್ಬಹುದಾ?

ವಕೀಲರು:
ಇಲ್ಲ. 18 ತುಂಬಿದ ಬೇರೆ ಯಾರಾದ್ರೂ ಕೈಗೆ ಕೊಟ್ಟು, ಎಲ್ಲಿ ಯಾವಾಗ ಕೊಟ್ಟೆ ಅಂತ ಎಫ್‌ಎಲ್-115ರಲ್ಲಿ ಬರೆದು ಸಹಿ ಹಾಕ್ಬೇಕು.

ಪ್ರಶ್ನೆ ಕೇಳಿದವರು:
ಆಸ್ಟಿನ್‌ನಲ್ಲಿ ನನ್ನ ಮಾವನ ಮಗ ಇದ್ದಾನೆ.

ವಕೀಲರು:
ಆಗತ್ತೆ. ಆದ್ರೆ ಕೊಟ್ಟು ಸುಮ್ನೆ ವಾಪಸ್ ಬಾ ಅಂತ ಎರಡು ಸಲ ಹೇಳಿ ಕಳಿಸಿ.