ನಮ್ಮ ಲೇಔಟ್ ಹಿಂದಿನ ಬಂಡಿದಾರಿಗೆ ಬೇಲಿ ಬಿತ್ತು, ಎಲ್ಲಾರೂ ನೋಡ್ರಿ

ಮೂಲಿ ಮನಿ, 3ನೇ ಕ್ರಾಸ್: ರಾತ್ರೋರಾತ್ರಿ ಶಹಾಬಾದ್ ಕಲ್ಲು ನೆಟ್ಟು ಮುಳ್ಳುತಂತಿ ಎಳದಾರ. ಕರೆಂಟ್ ಬ್ಯಾರೆ ಇದ್ದಿಲ್ಲ. ಕೆಲಸಾ ಮುಗಿಸಿ ಬರೂ ಹೆಣ್ಮಕ್ಕಳು ಕತ್ತಲದಾಗ ನಾಲಾ ಸುತ್ತಿ ಬಂದಾರ. ಇನ್ನೂ ಸುಮ್ನ ಕೂಡೂದೇನು?

ನೀಲಿ ಗೇಟ್: ಪಾಲಿಕೆ ಆ ಜಾಗಾ ಕಸ್ಕೊಳ್ಳಲಿ! ಅಧಿಕಾರ ಅದ. ಮೊದಲ ಲೇಔಟ್ ಮಾಡಿದವನ್ನ ಹಿಡೀರಿ.

1ನೇ ಕ್ರಾಸ್ ಕಾಕಾ: ಹಂಗ ಕಸ್ಕೊಳ್ಳಾಕ ಬರಂಗಿಲ್ರಿ. 2013ರ ಭೂಸ್ವಾಧೀನ ಕಾಯ್ದೆಯೊಳಗ 11ನೇ ಕಲಂ ನೋಟಿಸ್, ತಕರಾರಿಗೆ 60 ದಿನ, ಆಮ್ಯಾಲ 19ನೇ ಕಲಂ ಘೋಷಣೆ. ಪರಿಹಾರದ ಮ್ಯಾಲ ಮತ್ತ ಅಷ್ಟೇ ಸೊಲೇಶಿಯಂ, ಅಂದ್ರ ಸಾಂತ್ವನದ ರೊಕ್ಕಾ, ಕೊಡಬೇಕು. ಮೊದಲ ಗ್ರಾಮ ನಕಾಶೆ ತಗೀರಿ. ಜೋಡಿ ಚುಕ್ಕಿಗೆರಿ ಇದ್ರ ಬಂಡಿದಾರಿ, ಒಂಟಿ ಇದ್ರ ಕಾಲುದಾರಿ. ಪಹಣಿಯೊಳಗ ಆ ಪಟ್ಟಿ 'ಬಿ ಖರಾಬು' (ಸಾರ್ವಜನಿಕ ಬಳಕೆಗೆ ಬಿಟ್ಟ, ಸಾಗುವಳಿ ಇಲ್ಲದ ಜಾಗಾ) ಅಂತ ಇದ್ರ ಅದು ಸರ್ಕಾರದ್ದ; 1964ರ ಭೂ ಕಂದಾಯ ಕಾಯ್ದೆ, 67ನೇ ಕಲಂ ನೋಡ್ರಿ. ಆಗ ಸ್ವಾಧೀನದ ಮಾತೇ ಇಲ್ಲ. ತಹಶೀಲ್ದಾರರಿಗೆ ಅರ್ಜಿ ಕೊಟ್ಟು ಸರ್ವೆ ಮಾಡಿಸಿ ತೆರವು ಕೇಳೂದು.

ನೀಲಿ ಗೇಟ್: ಅಷ್ಟ್ ದಿನ ಯಾರು ಕಾಯ್ತಾರ? ಕಾಗದ ಬರ್ದೀನಿ: 'ಮಾಲೀಕರು ದಯವಿಟ್ಟು ಓಡಾಡಲು ಅನುಮತಿ ಕೊಡಬೇಕು.' ಎಲ್ಲಾರೂ ಸಹಿ ಹಾಕ್ರಿ.

1ನೇ ಕ್ರಾಸ್ ಕಾಕಾ: ಆ ಕಾಗದ ಕಳಸಬ್ಯಾಡ್ರಿ! ನಕಾಶೆಯೊಳಗ ದಾರಿ ಸಿಗಲಿಲ್ಲಂದ್ರ ನಮಗ ಉಳಿಯೂದು ಈಸ್‌ಮೆಂಟ್ ಹಕ್ಕು, ಅಂದ್ರ ಬ್ಯಾರೇದವರ ಜಾಗಾದಾಗ ಓಡಾಡೂ ಹಕ್ಕು. 1882ರ ಕಾಯ್ದೆ, 15ನೇ ಕಲಂ: 20 ವರ್ಷ ಎಲ್ಲಾರ ಕಣ್ಣಮುಂದ, ತಡಿ ಇಲ್ದ, ಹಕ್ಕಿನಿಂದ ಓಡಾಡಿರಬೇಕು. ಅನುಮತಿ ಕೇಳಿದ್ರ ಹಕ್ಕಿಲ್ಲಂತ ನಾವ ಬರಕೊಟ್ಟಂಗ. ದಾರಿ ಬಂದ್ ಆದ 2 ವರ್ಷದೊಳಗ ದಾವಾ ಹಾಕಬೇಕು. ಬೇಲಿ ಯಾರೂ ಕೀಳಬ್ಯಾಡ್ರಿ, ಕೇಸು ನಮ್ಮ ಮ್ಯಾಲ ಬೀಳ್ತದ. ಕಲ್ಲಿನ ಬುಡದಾಗ ಹಳೇ ಗಾಲಿ ಜಾಡು ಇನ್ನೂ ಕಾಣ್ತದ, ಮಳಿ ಬರೂದರೊಳಗ ತಾರೀಖು ಬೀಳಂಗ ಫೋಟೊ ತಗೀರಿ. ಕ್ರಯಪತ್ರದ ಚಕ್ಕಬಂದಿಯೊಳಗ (ನಾಕೂ ದಿಕ್ಕಿನ ಗಡಿ ವಿವರ) 'ಪಶ್ಚಿಮಕ್ಕೆ ಬಂಡಿದಾರಿ' ಅಂತ ಇದ್ದವರು ಝೆರಾಕ್ಸ್ ಕೊಡ್ರಿ.

ನೀಲಿ ಗೇಟ್: ಹಿಂದಿನ ಕಮಿಟಿ ಇಷ್ಟ್ ದಿನ ಏನ್ ಮಾಡ್ತು? ಮೊದಲ ಅದನ್ನ ಹೇಳ್ರಿ.

ಹಿಂದಿನ ಖಜಾಂಚಿ: ನಕಾಶೆಗೆ ರೊಕ್ಕಾ ಕೂಡಸೂಣು ಅಂದಾಗ ಕೊಡ್ಲಿಲ್ಲದವರು ಯಾರು?

ನೀಲಿ ಗೇಟ್: ಹೆಸರು ಹೇಳ್ರಿ! ಮೀಟಿಂಗ್ ಕರೀರಿ!

2ನೇ ಕ್ರಾಸ್: 🌹 ಶುಭೋದಯ 🌹 ಇದನ್ನ ಹತ್ತು ಮಂದಿಗೆ ಕಳಿಸಿ, ಒಳ್ಳೇ ಸುದ್ದಿ ಬರ್ತದ.

ಮೂಲಿ ಮನಿ: ಫಾರ್ವರ್ಡ್ ಬ್ಯಾಡ್ರಿ ಅಕ್ಕಾ. ಸೋಮವಾರ ಕಾಕಾನ ಜೋಡಿ ಮಿನಿ ವಿಧಾನಸೌಧಕ್ಕ ಯಾರು ಬರ್ತೀರಿ?

ನೀಲಿ ಗೇಟ್: ನನಗ ಡ್ಯೂಟಿ ಅದ.

ಹಿಂದಿನ ಖಜಾಂಚಿ: ಮಂಗಳವಾರ ಆದ್ರ ಬರ್ತೀನಿ.

ಟೇಲರ್ ಅಂಗಡಿ ಮ್ಯಾಲಿನವರು: ಅಲ್ಲೀತನಕ ನಾಲಾ ಕಡೆ ಲೈಟರೆ ಹಾಕಸ್ರಿ. ಮೂರು ಕಂಬಕ್ಕ ಬಲ್ಬಿಲ್ಲ.

1ನೇ ಕ್ರಾಸ್ ಕಾಕಾ: ದೂರು ಕೊಡಾಕ ಕಂಬದ ನಂಬರ್ ಬೇಕು.

ಟೇಲರ್ ಅಂಗಡಿ ಮ್ಯಾಲಿನವರು: ಬಣ್ಣ ಉದುರ್ಯದ, ನಂಬರ್ ಕಾಣವಲ್ದು.

ಮೂಲಿ ಮನಿ: ಬಾಜೂ ಕಂಬದ್ದು ನೋಡಿ ಹಾಕ್ರಿ, ಈಗೇ ದೂರು ಕೊಡ್ತೀನಿ.